ಯಾವೂರು, ಯಾರ ಪೈಕಿ: ಸುಳ್ಳು ಹೆಸರಿನ ನಾಯಕಿಯ ಒಂದು ಎಪಿಸೋಡ್ ಬರೆಯುವುದು ಹೇಗೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸುಳ್ಳು ಹೆಸರು ಇಟ್ಟುಕೊಂಡು ಬದುಕುವುದು ಬಹಳ ಕಷ್ಟ. ಎರಡು ಪ್ರಶ್ನೆ ಸಾಕು, ಬಣ್ಣ ಬಯಲು. ಮೊದಲನೆಯದು "ಯಾವೂರು?". ಎರಡನೆಯದು "ಯಾರ ಪೈಕಿ?". ನೀವು ಕುಂದಗೋಳ ಅಂದರೆ ಎದುರು ಕೂತವನಿಗೆ ಕುಂದಗೋಳದಲ್ಲಿ ಒಬ್ಬ ಬೀಗ ಇರುತ್ತಾನೆ. ಶಿರಹಟ್ಟಿ ಅಂದರೆ ಅವನ ಅಕ್ಕನನ್ನು ಅಲ್ಲಿಗೇ ಕೊಟ್ಟಿರುತ್ತಾರೆ. ಚಹಾ ಬರುವಷ್ಟರಲ್ಲಿ ನಿಮ್ಮ ಅಜ್ಜನ ಹೆಸರು, ಹೊಲ ಎಷ್ಟು ಎಕರೆ, ದಾಯಾದಿಗಳ ಜೊತೆ ಯಾಕೆ ಮಾತು ಬಿಟ್ಟಿದ್ದೀರಿ, ಎಲ್ಲಾ ಹೊರಗೆ ಬಂದಿರುತ್ತದೆ.

ಇದನ್ನು ಮೊದಲೇ ಯಾಕೆ ಹೇಳಿದೆ ಅಂದರೆ, ಸುಳ್ಳು ಹೆಸರಿನಲ್ಲಿ ಶತ್ರುವಿನ ಅಂಗಡಿಯೊಳಗೋ ಮನೆಯೊಳಗೋ ಸೇರಿಕೊಂಡು ನ್ಯಾಯ ಹುಡುಕುವ ನಾಯಕಿಯ ಕತೆ ಬರೆಯಲು ಹೊರಟವರು ಹೆಚ್ಚಾಗಿ ವೇಷದಿಂದ ಶುರು ಮಾಡುತ್ತಾರೆ. ಕನ್ನಡಕ, ಬೇರೆ ಥರ ಜಡೆ, ಕೆನ್ನೆ ಮೇಲೆ ಒಂದು ಮಚ್ಚೆ. ಇಲ್ಲಿ ಯಾರೂ ಮುಖ ನೋಡಿ ಹಿಡಿಯುವುದಿಲ್ಲ ಮಾರಾಯ್ರೇ. ಮಾತು ಕೇಳಿ ಹಿಡಿಯುತ್ತಾರೆ, ಊಟ ಮಾಡುವುದು ನೋಡಿ ಹಿಡಿಯುತ್ತಾರೆ, ಕೈ ನೋಡಿ ಹಿಡಿಯುತ್ತಾರೆ.

ನಾನು ಎರಡು ವರ್ಷ ದಿನಾ ಬರುವ ಒಂದು ಸೀರಿಯಲ್ಲಿಗೆ ಡೈಲಾಗ್ ಬರೆದೆ. ಸೆಟ್ ಇದ್ದದ್ದು ಬೆಂಗಳೂರಿನಲ್ಲಿ, ನಾನಿದ್ದದ್ದು ಧಾರವಾಡದಲ್ಲಿ. ರಾತ್ರಿ ಒನ್‌ಲೈನ್, ಅಂದರೆ ಯಾವ ದೃಶ್ಯದಲ್ಲಿ ಏನಾಗುತ್ತದೆ ಅನ್ನುವ ಸಣ್ಣ ಟಿಪ್ಪಣಿ ಬರುತ್ತಿತ್ತು, ಬೆಳಗ್ಗೆ ಹತ್ತಕ್ಕೆ ಡೈಲಾಗ್ ಹೋಗಬೇಕು. ಹೊಸದಾಗಿ ಬರೆಯುವ ಹುಡುಗರು, ಹುಡುಗಿಯರು ಆಗಾಗ ಕೇಳುತ್ತಾರೆ, ಇಂಥ ಕತೆ ಹೇಗೆ ಬರೆಯುವುದು ಅಂತ. ಇಡೀ ಸೀರಿಯಲ್ ಬರೆಯುವುದು ಹೇಗೆ ಅನ್ನುವುದು ನನಗೂ ಗೊತ್ತಿಲ್ಲ, ಬಹುಶಃ ಬರೆಯುವ ಯಾರಿಗೂ ಗೊತ್ತಿಲ್ಲ. ಒಂದು ಎಪಿಸೋಡ್ ಹೇಗೆ ಅಂತ ಹೇಳಬಲ್ಲೆ. ಒಂದು ಕತೆ ಕಟ್ಟುತ್ತಲೇ ಹೇಳುತ್ತೇನೆ, ಸುಮ್ನೆ ನಿಯಮ ಹೇಳಿದರೆ ತಲೆಗೆ ಹತ್ತುವುದಿಲ್ಲ.

ಮೊದಲು ಅನ್ಯಾಯ, ಆಮೇಲೆ ವೇಷ

ನಮ್ಮ ಕತೆ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಡೆಯಲಿ. ಹಾವೇರಿ ಜಿಲ್ಲೆ. ನಾಯಕಿ ನೀಲವ್ವ, ಕುಂದಗೋಳದ ಕಡೆಯ ಒಂದು ಹಳ್ಳಿಯವಳು. ಅವಳ ಅಪ್ಪ ಎರಡು ವರ್ಷದ ಹಿಂದೆ 40 ಚೀಲ ಕಾಯಿ ತಂದು ಒಬ್ಬ ಸಾವ್ಕಾರನ ಅಡತಿ ಅಂಗಡಿಯಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಅಂಗಡಿಯಲ್ಲಿ ಹಾಕಿದ. ದುಡ್ಡು ಪೂರ್ತಿ ಕೈಗೆ ಬರಲೇ ಇಲ್ಲ.

ಯಾಕೆ ಬರಲಿಲ್ಲ? ಇಲ್ಲಿ ಸ್ವಲ್ಪ ನಿಲ್ಲಿ. "ಸಾವ್ಕಾರ ಮೋಸ ಮಾಡಿದ" ಅಂತ ಬರೆದು ಮುಂದೆ ಹೋದರೆ ನಿಮ್ಮ ಎಪಿಸೋಡ್‌ಗೆ ಬೆನ್ನೆಲುಬೇ ಇರುವುದಿಲ್ಲ. ಮೋಸ ಯಾವ ಕಾಗದದಲ್ಲಿ, ಯಾವ ಸಾಲಿನಲ್ಲಿ ಆಯಿತು ಅಂತ ನಿಮಗೆ ಗೊತ್ತಿರಬೇಕು. ರೈತ ಬೀಜಕ್ಕೆ, ಗೊಬ್ಬರಕ್ಕೆ ಅಡತಿ ಅಂಗಡಿಯಿಂದ ಮುಂಗಡ ತಂದಿರುತ್ತಾನೆ. ಮುಂಗಡ ತಂದ ಮೇಲೆ ಮಾಲು ಅದೇ ಅಂಗಡಿಗೆ ತರಬೇಕು, ಅದು ಎಲ್ಲೂ ಬರೆದಿಲ್ಲದ ಕರಾರು. ಮಾಲು ಲಾಟ್ ಮಾಡಿ ಇಡುತ್ತಾರೆ, ಖರೀದಿದಾರರು ಬಂದು ಕಾಯಿ ಮುರಿದು, ಬಣ್ಣ ನೋಡಿ, ಟೆಂಡರ್‌ನಲ್ಲಿ ದರ ಹಾಕುತ್ತಾರೆ. ದರ ಈಗ ಕಂಪ್ಯೂಟರ್‌ನಲ್ಲೇ ಬರುತ್ತದೆ, ಎಲ್ಲರ ಕಣ್ಣೆದುರಿಗೆ. ಹಾಗಾಗಿ ಮೋಸ ದರದಲ್ಲಿ ಇರಲಾರದು. ದರ ಆದ ಮೇಲಿನದರಲ್ಲಿ ಇರಬಹುದು. ತೂಕದಲ್ಲಿ ಕಡಿತ. ಸರಿಯಾದ ಬಿಲ್ಲಿನ ಬದಲು ಬಿಳಿ ಚೀಟಿ. ಕಾಯ್ದೆ ಪ್ರಕಾರ ಕಮಿಷನ್ ಕೊಡಬೇಕಾದವನು ಖರೀದಿದಾರ, ಆದರೆ ಅದನ್ನೂ ರೈತನ ಲೆಕ್ಕದಲ್ಲಿ ಹಿಡಿಯುವುದು. ಕೊನೆಗೆ ಮುಂಗಡದ ಬಡ್ಡಿ ಅಂತ ಒಂದು ಸಾಲು, ಅದರ ಮುಂದೆ ಎಷ್ಟು ಬೇಕಾದರೂ ಬರೆದುಕೊಳ್ಳಬಹುದು.

ನಮ್ಮ ಸಾವ್ಕಾರ ಮಾಡಿದ್ದು ಆ ಕೊನೆಯ ಸಾಲಿನ ಕೆಲಸ. ಒಂದೇ ಸಾಲು. ನೀಲವ್ವ ಹುಡುಕಿಕೊಂಡು ಬಂದಿರುವುದು ಆ ಒಂದು ಸಾಲಿರುವ ವಹಿಯನ್ನು, ಅಂದರೆ ಲೆಕ್ಕದ ಪುಸ್ತಕವನ್ನು. ಹೀಗೆ ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು ಇದ್ದರೆ ಬರೆಯುವುದು ಅರ್ಧ ಹಗುರ. ಕಪಾಟು ಎಲ್ಲಿದೆ, ಕೀಲಿ ಯಾರ ಸೊಂಟದಲ್ಲಿದೆ, ಇವತ್ತು ಅವಳು ವಹಿಗೆ ಎಷ್ಟು ಹತ್ತಿರ ಬಂದಳು, ಇಷ್ಟು ಕೇಳಿಕೊಂಡರೆ ದೃಶ್ಯಗಳು ತಾವೇ ಬರುತ್ತವೆ.

ಇನ್ನೊಂದು ಮಾತು. ಅಪ್ಪನನ್ನು ಸಾಯಿಸಬೇಡಿ. ರೈತ ಅಂದ ಕೂಡಲೇ ನೇಣಿನ ಹಗ್ಗ ತೋರಿಸುವುದು ನಮ್ಮ ಟಿವಿಯವರಿಗೆ ಚಟ ಆಗಿಬಿಟ್ಟಿದೆ. ನಮ್ಮ ಕತೆಯ ಅಪ್ಪ ಬದುಕಿದ್ದಾನೆ. ಮನೆಯ ಕಟ್ಟೆ ಮೇಲೆ ಕೂರುತ್ತಾನೆ, ಮಾತು ಕಡಿಮೆ, ಮೆಣಸಿನಕಾಯಿ ಹಾಕುವುದು ಬಿಟ್ಟಿದ್ದಾನೆ. ಮಗಳು ಬೆಂಗಳೂರಿನಲ್ಲಿ ನೌಕರಿ ಮಾಡುತ್ತಿದ್ದಾಳೆ ಅಂದುಕೊಂಡಿದ್ದಾನೆ. ಅವಳು ದಿನಾ ರಾತ್ರಿ ಫೋನ್ ಮಾಡಿ ಅಲ್ಲಿಯ ಮಳೆ, ಟ್ರಾಫಿಕ್ಕು ಅಂತ ಹೇಳುತ್ತಾಳೆ. ನೋಡಿ, ಸುಳ್ಳು ಈಗ ಎರಡು ಕಡೆ ಆಯಿತು.

ಎಲ್ಲಿಯವಳು ಅಂತ ಹೇಳಿಕೊಳ್ಳಬೇಕು

ಆ ಎರಡು ಪ್ರಶ್ನೆಗೆ ಉತ್ತರ ಬೇಕಲ್ಲ. ಗದಗ ಅಂದರೆ ಮುಗಿಯಿತು. ಹಾನಗಲ್ ಅಂದರೂ ಮುಗಿಯಿತು. ಆದ್ದರಿಂದ ನೀಲವ್ವ "ಸುಮಾ" ಆಗುತ್ತಾಳೆ, ಮೈಸೂರಿನವಳು, ಬಿಕಾಂ, ಹತ್ತಿರದ ನೆಂಟರು ಯಾರೂ ಇಲ್ಲ. ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿದ್ದರಿಂದ ಆ ಕಡೆಯ ಮಾತು ಬಾಯಿಗೆ ಕೂತಿದೆ. ಅಡತಿ ಅಂಗಡಿಗೆ ಕಂಪ್ಯೂಟರ್ ಬಲ್ಲ ಗುಮಾಸ್ತೆ ಬೇಕಾಗಿತ್ತು, ಬಂದಳು. ಮೈಸೂರಿನಲ್ಲಿ ನಮ್ಮ ಸಾವ್ಕಾರನಿಗೆ ಬೀಗರಿಲ್ಲ. ದೂರದವಳು ಅನ್ನುವುದೇ ಅವಳ ರಕ್ಷಣೆ.

ಇಲ್ಲಿಂದ ಅವಳು ದಿನವಿಡೀ ನಾಲಿಗೆ ಕಾಯಬೇಕು. ಉಳ್ಳಾಗಡ್ಡಿ ಅಲ್ಲ, ಈರುಳ್ಳಿ. ಶೇಂಗಾ ಅಲ್ಲ, ಕಡಲೆಕಾಯಿ. ಪುಟಾಣಿ ಅಲ್ಲ, ಹುರಿಗಡಲೆ. ಚುರುಮುರಿ ಅಲ್ಲ, ಕಡ್ಲೆಪುರಿ. ಜಳಕ ಅಲ್ಲ, ಸ್ನಾನ. ಕಸಬರಿಗೆ ಅಲ್ಲ, ಪೊರಕೆ. ಅಂಗಡಿಯ ವಯಸ್ಸಾದ ಹಮಾಲನನ್ನು ನೋಡಿದರೆ ಬಾಯಿಗೆ "ಕಾಕಾ" ಬರುತ್ತದೆ, ನುಂಗಿಕೊಂಡು "ಅಣ್ಣಾ" ಅನ್ನಬೇಕು. ಇಂಥ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ಎಪಿಸೋಡ್‌ಗೆ ಒಂದೇ ಪದ ಬಳಸಿ. ಎಲ್ಲಾ ಒಂದೇ ದಿನ ಸುರಿದರೆ ಕತೆ ಹೋಗಿ ರಸಪ್ರಶ್ನೆ ಆಗುತ್ತದೆ.

ಇದೇ ಜಾಗದಲ್ಲಿ ನನಗೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. ನಮ್ಮ ಕಡೆಯ ಕನ್ನಡವನ್ನು ಸೀರಿಯಲ್ಲಿನಲ್ಲಿ ಅಡುಗೆಯವಳಿಗೆ, ಡ್ರೈವರಿಗೆ, ನಗಿಸುವವನಿಗೆ ಮಾತ್ರ ಕೊಡುತ್ತಾರೆ. ಪ್ರೀತಿ ಮಾಡುವವರು, ಕಣ್ಣೀರು ಹಾಕುವವರು, ತೀರ್ಪು ಹೇಳುವವರು ಎಲ್ಲರೂ ಬೆಂಗಳೂರು ಕನ್ನಡವೇ. ನಾನು ಒಬ್ಬ ತಾಯಿ ಪಾತ್ರಕ್ಕೆ ಧಾರವಾಡದ ಮಾತು ಬರೆದು ಕಳಿಸಿದ್ದೆ. ಟೆಲಿಕಾಸ್ಟ್ ಆದಾಗ ಅದಕ್ಕೆ ಹಿಂದಿನಿಂದ ತಮಾಷೆ ಮ್ಯೂಸಿಕ್ ಹಾಕಿದ್ದರು. ಮಗ ಸತ್ತ ಸುದ್ದಿ ಕೇಳುವ ದೃಶ್ಯ ಅದು! ನಮ್ಮ ಈ ಕತೆಯಲ್ಲಿ ಉಲ್ಟಾ ಆಗಲಿ. ಸುಳ್ಳು ಹೇಳುವಾಗ ಅವಳು ಬೆಂಗಳೂರು ಕನ್ನಡ ಆಡುತ್ತಾಳೆ, ನಿಜ ಹೇಳುವಾಗ ನಮ್ಮ ಕನ್ನಡ. ಮ್ಯೂಸಿಕ್ಕಿನವರಿಗೆ ಸ್ಕ್ರಿಪ್ಟಿನಲ್ಲೇ ದಪ್ಪ ಅಕ್ಷರದಲ್ಲಿ ಬರೆದುಬಿಡಿ.

ಗದಗಿನ ಕಂಬದ ಹತ್ತಿರ ಕಲಿಯುವುದು

ಈ ಥರದ ಕತೆಗೆ ಹೊರಗಿನ ವೆಬ್ ಸರಣಿ ನೋಡಿ ಕಲಿಯುವವರಿದ್ದಾರೆ. ನೋಡಲಿ. ಆದರೆ ಗದಗಿನ ವೀರನಾರಾಯಣ ಗುಡಿಯಲ್ಲಿ ಒಂದು ಕಂಬ ಇದೆ, ಕೋಳಿವಾಡದ ಕುಮಾರವ್ಯಾಸ ಅದಕ್ಕೆ ಒರಗಿ ಕೂತು ಭಾರತ ಬರೆದ ಅಂತ ಹೇಳುತ್ತಾರೆ. ಅವನ ವಿರಾಟಪರ್ವವನ್ನು ಮಳೆ ಬಾರದ ವರ್ಷ ಊರೂರಲ್ಲಿ ಓದಿಸುತ್ತಾರೆ. ಸುಳ್ಳು ಹೆಸರಿನಲ್ಲಿ ಬದುಕುವವರ ಕತೆ ಇದಕ್ಕಿಂತ ಚೆನ್ನಾಗಿ ಎಲ್ಲಿದೆ? ಧರ್ಮರಾಯ ಕಂಕ, ಭೀಮ ವಲಲ, ಅರ್ಜುನ ಬೃಹನ್ನಳೆ, ದ್ರೌಪದಿ ಸೈರಂಧ್ರಿ.

ಅದರಿಂದ ನಾನು ಎರಡು ಕದ್ದಿದ್ದೇನೆ. ಒಂದು, ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡುವುದು. ಅಜ್ಞಾತವಾಸದ ವರ್ಷದಲ್ಲಿ ಪಾಂಡವರ ಗುರುತು ಸಿಕ್ಕರೆ ಮತ್ತೆ 12 ವರ್ಷ ಕಾಡು, ಮತ್ತೆ ಒಂದು ವರ್ಷ ಅಜ್ಞಾತ. ಕೇಳುವವನಿಗೆ ಇದು ಗೊತ್ತಿರುವುದರಿಂದಲೇ ಸಣ್ಣ ಸಣ್ಣ ಸಂಗತಿಗೂ ಎದೆ ಹೊಡೆದುಕೊಳ್ಳುತ್ತದೆ. ನೀಲವ್ವ ಸಿಕ್ಕಿಬಿದ್ದರೆ ಏನು? ಕೆಲಸ ಹೋಗುತ್ತದೆ ಅನ್ನುವುದು ಸಾಲದು. ವಹಿ ಒಂದೇ ರಾತ್ರಿಯಲ್ಲಿ ಬೂದಿ ಆಗುತ್ತದೆ, ಜೊತೆಗೆ ಅವಳ ಮೇಲೆಯೇ ಕೇಸು ಬೀಳುತ್ತದೆ.

ಎರಡನೆಯದು, ಕೀಚಕ ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಒದೆಯುವ ಜಾಗ. ಗಂಡಂದಿರು ಅಲ್ಲೇ ಇದ್ದಾರೆ, ಏಳುವ ಹಾಗಿಲ್ಲ. ಭೀಮ ಹೊರಗಿನ ಮರ ನೋಡುತ್ತಾನೆ, ಕಿತ್ತು ಹೊಡೆಯಲು. ಧರ್ಮರಾಯ ಕಂಕನಾಗಿಯೇ ಹೇಳುತ್ತಾನೆ, ಅಡುಗೆಯವನೇ, ಸೌದೆ ಬೇಕಾದರೆ ಈ ಮರ ಬಿಟ್ಟು ಬೇರೆ ಕಡೆ ಕಡಿ ಅಂತ. ಸಭೆಗೆ ಒಂದು ಅರ್ಥ, ಭೀಮನಿಗೆ ಇನ್ನೊಂದು. ನಿಮ್ಮ ಎಪಿಸೋಡ್‌ನಲ್ಲಿ ಇಂಥ ಒಂದು ಮಾತು ಬರೆದರೆ ಉಳಿದ ಇಪ್ಪತ್ತು ನಿಮಿಷ ಸಾಧಾರಣ ಇದ್ದರೂ ಜನ ಕ್ಷಮಿಸುತ್ತಾರೆ.

ಇಪ್ಪತ್ತು ನಿಮಿಷ ಅಂದೆ, ಅದರ ಲೆಕ್ಕ ಹೀಗೆ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವ ಹಾಗಿಲ್ಲ, ಚಾನೆಲ್‌ನ ಸ್ವಂತ ಪ್ರಚಾರವೂ ಸೇರಿ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಉಳಿಯುವುದು 24 ನಿಮಿಷ. ಟೈಟಲ್, ರೀಕ್ಯಾಪ್, ನಾಳೆಯ ತುಣುಕು ಕಳೆಯಿರಿ. ಕತೆಗೆ ಸಿಗುವುದು ಇಪ್ಪತ್ತರ ಆಚೆ ಈಚೆ. ನಾನು ಎಂಟು ದೃಶ್ಯಕ್ಕಿಂತ ಜಾಸ್ತಿ ಹಾಕುವುದಿಲ್ಲ.

ಯಾರಿಗೆ ಏನು ಗೊತ್ತು

ಬರೆಯುವ ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಒಂದೊಂದು ಪಾತ್ರಕ್ಕೆ ಒಂದೊಂದು ಪುಟ. ಎಡಗಡೆ, ಈ ಮನುಷ್ಯ ಸುಮಾ ಬಗ್ಗೆ ಏನು ನಂಬಿದ್ದಾನೆ. ಬಲಗಡೆ, ಅವಳು ಅವನಿಗೆ ಹೇಳಿದ ಸುಳ್ಳುಗಳು, ಯಾವ ಎಪಿಸೋಡ್‌ನಲ್ಲಿ ಅಂತ ನಂಬರ್ ಹಾಕಿ. ಇದನ್ನು ಮಾಡದೆ ನಾನು ಕೆಟ್ಟಿದ್ದೇನೆ. ಒಂದು ಪಾತ್ರ 31ನೇ ಎಪಿಸೋಡ್‌ನಲ್ಲಿ "ನನಗೆ ಅಣ್ಣ ಇಲ್ಲ" ಅಂದಿದ್ದಳು, 58ರಲ್ಲಿ ಅಣ್ಣನಿಗೆ ರಾಖಿ ಕಟ್ಟಿದಳು. ನಾನು ಮರೆತಿದ್ದೆ, ಡೈರೆಕ್ಟರ್ ಮರೆತಿದ್ದರು, ಚಾನೆಲ್‌ನವರೂ ಮರೆತಿದ್ದರು. ಮರೆಯದೆ ಇದ್ದದ್ದು ನಮ್ಮ ಓಣಿಯ ಹೆಣ್ಣುಮಕ್ಕಳು. ಮರುದಿನ ಬೆಳಗ್ಗೆ ನಲ್ಲಿ ನೀರು ಬಂದಾಗ ಕೊಡ ಹಿಡಿದೇ ಕೇಳಿದರು, "ಅಣ್ಣ ಎಲ್ಲಿಂದ ಉದ್ಭವ ಆದ್ನೋ ತಮ್ಮಾ?"

ಅದಕ್ಕಿಂತ ದೊಡ್ಡ ಅವಮಾನ ಮನೆಯಲ್ಲೇ ಆಯಿತು. ಖಳನಾಯಕಿ ಬ್ಯಾಡಗಿ ಕಾಯಿ ಕಚ್ಚಿ "ಅಬ್ಬಾ ಖಾರ" ಅಂತ ಕಣ್ಣೀರು ಸುರಿಸುವ ಹಾಗೆ ಬರೆದಿದ್ದೆ. ನಮ್ಮವ್ವ ಟಿವಿ ಮುಂದೆ ಕೂತವಳು ಎದ್ದೇಬಿಟ್ಟಳು. "ಆ ಕಾಯಿ ಬಣ್ಣಕ್ಕ ಹಾಕ್ತಾರ, ಖಾರಕ್ಕಲ್ಲ. ನೀ ಎಲ್ಲಿ ಹುಟ್ಟೀಯೋ?" ಸರಿ ಮಾತು. ಬ್ಯಾಡಗಿ ಕಾಯಿಗೆ ಹೆಸರು ಬಂದದ್ದೇ ಕೆಂಪಿಗೆ. ಡಬ್ಬಿ ಅಂದರೆ ದಪ್ಪ, ಗಿಡ್ಡ. ಕಡ್ಡಿ ಅಂದರೆ ಸಣ್ಣಗೆ, ಉದ್ದಕ್ಕೆ, ಮೈತುಂಬಾ ಸುಕ್ಕು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಕಾಯಿ ಅದು. ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಯವರು ಅದಕ್ಕೇ ಹುಡುಕಿಕೊಂಡು ಬರುತ್ತಾರೆ. ಇಷ್ಟು ಗೊತ್ತಿಲ್ಲದೆ ಬರೆದೆನಲ್ಲ ಅಂತ ನಾಚಿಕೆ ಆಯಿತು. ಆದರೆ ಆ ಬೈಗುಳದಿಂದಲೇ ಈ ಕತೆಯ ಮುಖ್ಯ ದೃಶ್ಯ ಸಿಕ್ಕಿತು.

ಎಡವುವ ಜಾಗ

ಇಂಥ ಕತೆಯ ಪ್ರತಿ ಎಪಿಸೋಡ್‌ಗೂ ಒಂದು ಎಡವು ಬೇಕು. ನಾಯಕಿ ಎಲ್ಲೋ ಒಂದು ಕಡೆ ತಾನು ಯಾರು ಅಂತ ತೋರಿಸಿಬಿಡುತ್ತಾಳೆ. ನನಗೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ. ಬೆರಳು ಬಾಗಿಲಿಗೆ ಸಿಕ್ಕಿ "ಯವ್ವಾ" ಅಂತ ಕೂಗುತ್ತಾಳೆ, ಮೈಸೂರಿನವಳು "ಅಮ್ಮಾ" ಅನ್ನಬೇಕಿತ್ತು. ಕೆಟ್ಟದೇನಲ್ಲ. ಆದರೆ ನೋಡುವವನು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ ಕಾಯುತ್ತಿರುತ್ತಾನೆ. ತೆಗೆದುಹಾಕಿದೆ.

ಆಮೇಲೆ ಒಂದು ಸೋಮವಾರ ಬ್ಯಾಡಗಿಗೆ ಹೋಗಿ ನಿಂತೆ. ಸೋಮವಾರ, ಗುರುವಾರ ಅಲ್ಲಿ ದೊಡ್ಡ ವಹಿವಾಟು. ಸುಗ್ಗಿಯಲ್ಲಿ ಚೀಲದ ಮೇಲೆ ಚೀಲ, ನೆಲವೆಲ್ಲ ಕೆಂಪು. ಖಾರ ಇಲ್ಲದ ಕಾಯಿ ಅಂದೆನಲ್ಲ, ಘಾಟು ಮಾತ್ರ ಬಿಡುವುದಿಲ್ಲ. ಅಷ್ಟೊಂದು ಚೀಲ ಒಂದೇ ಕಡೆ ಎತ್ತಿ ಇಳಿಸುವಾಗ ಏಳುವ ಧೂಳಿಗೆ ನಾನು ಗೇಟಿನಿಂದಲೇ ಸೀನಲು ಶುರು ಮಾಡಿದೆ. ಕಣ್ಣು, ಮೂಗು ಎಲ್ಲಾ ಒಂದೇ. ಸುತ್ತ ನೋಡಿದರೆ ಹಮಾಲರು, ತೊಟ್ಟು ಬಿಡಿಸುವ ಹೆಂಗಸರು ಆರಾಮಾಗಿ ಮಾತಾಡುತ್ತಾ ಕೆಲಸ ಮಾಡುತ್ತಿದ್ದಾರೆ. ಒಬ್ಬಾಕೆ ನನ್ನನ್ನು ನೋಡಿ ನಕ್ಕು "ಹೊಸಬ್ರೇನ್ರಿ?" ಅಂದಳು.

ಅಲ್ಲೇ ಸಿಕ್ಕಿತು. ನೀಲವ್ವ ಮೆಣಸಿನಕಾಯಿ ಒಣಹಾಕಿದ ಅಂಗಳದಲ್ಲಿ ಅಂಬೆಗಾಲಿಟ್ಟು ಬೆಳೆದವಳು. ಅವಳಿಗೆ ಸೀನು ಬರುವುದಿಲ್ಲ. ಮೈಸೂರಿನ ಸುಮಾಗೆ ಬರಬೇಕಿತ್ತು. ಅವಳು ಎಡವುವುದು ಏನೋ ಮಾಡಿ ಅಲ್ಲ, ಮಾಡಬೇಕಾದದ್ದನ್ನು ಮಾಡದೆ. ದೃಶ್ಯ ಹೀಗೆ ಬರೆದೆ.

ಅಡತಿ ಅಂಗಡಿ. ಹಗಲು. ಸುಮಾ ಮೇಜಿನ ಮುಂದೆ ಲೆಕ್ಕ ಬರೆಯುತ್ತಿದ್ದಾಳೆ. ಹಿಂದೆ ಹಮಾಲರು ಚೀಲ ಇಳಿಸುತ್ತಿದ್ದಾರೆ. ವಯಸ್ಸಾದ ಹಮಾಲ ನೀರು ಕುಡಿಯಲು ಬಂದು ನಿಲ್ಲುತ್ತಾನೆ.

ಹಮಾಲ: ಹೊಸಬ್ರು ಬಂದ್ರ ಎಂಟ್ ದಿನ ಸೀನೂದ ಕೆಲಸರಿ. ನಿಮಗಿಂತ ಮೊದ್ಲಿದ್ದ ಗುಮಾಸ್ತ ಮೂಗಿಗೆ ಅರಿವಿ ಕಟ್ಕೊಂಡ ಲೆಕ್ಕ ಬರೀತಿದ್ದ.

ಸುಮಾ (ತಲೆ ಎತ್ತದೆ): ಹೌದಾ ಅಣ್ಣಾ? ಪಾಪ.

ಹಮಾಲ ನೀರು ಕುಡಿಯುತ್ತಾನೆ. ಲೋಟ ಇಡುತ್ತಾನೆ.

ಹಮಾಲ: ನಿಮಗೇನ ಒಂದೂ ಬರವಲ್ದಲ್ರಿ ಅಕ್ಕಾರ.

ಪೆನ್ನು ನಿಲ್ಲುತ್ತದೆ.

ಸುಮಾ: ನೆಗಡಿ ಆಗಿದೆ ಅಣ್ಣಾ. ಮೂಗು ಕಟ್ಟಿದೆ.

ಹಮಾಲ: ಹಂಗಾರ ಸರಿ ಬಿಡ್ರಿ.

ಅವನು ತಿರುಗಿ ಎರಡು ಹೆಜ್ಜೆ ಹೋಗುತ್ತಾನೆ. ಹಿಂದಿನಿಂದ ಸುಮಾ ಒಂದು ಸಲ ಸೀನುತ್ತಾಳೆ. ಅವನು ನಿಲ್ಲುತ್ತಾನೆ. ತಿರುಗುವುದಿಲ್ಲ. ಮತ್ತೆ ನಡೆಯುತ್ತಾನೆ.

ಅಷ್ಟೇ. ಆ ಸೀನು ತಡವಾಗಿ ಬಂತಲ್ಲ, ಅದೇ ಅವಳನ್ನು ಕೆಡಿಸಿದ್ದು. ಸುಮ್ಮನಿದ್ದಿದ್ದರೆ ನೆಗಡಿ ಅಂತ ಹೋಗುತ್ತಿತ್ತು. ಡೈರೆಕ್ಟರ್‌ಗೆ ಕೈ ಮುಗಿದು ಹೇಳಿ, ಅವನ ಮುಖಕ್ಕೆ ಮೂರು ಸಲ ಝೂಮ್ ಹೋಗಬೇಡಿ ಅಂತ. ಬೆನ್ನು ಸಾಕು.

ಸಾವ್ಕಾರನಿಗೆ ಒಂದು ತಟ್ಟೆ ಊಟ ಕೊಡಿ

ಸಾವ್ಕಾರ ಮೀಸೆ ತಿರುವುವವನು ಆಗಿದ್ದರೆ ಅವಳ ಕೆಲಸ ಸುಲಭ. ದಿನಾ ದ್ವೇಷಿಸಬಹುದು. ನಮ್ಮ ಸಾವ್ಕಾರ ಹಾಗಿಲ್ಲ. ಮಧ್ಯಾಹ್ನ ಅಂಗಡಿಯ ಎಲ್ಲರಿಗೂ ತನ್ನ ಮನೆಯಿಂದಲೇ ರೊಟ್ಟಿ ತರಿಸುತ್ತಾನೆ. ಹಮಾಲನ ಮೊಮ್ಮಗಳ ಫೀಸು ಕಟ್ಟಿದ್ದಾನೆ. ಸುಮಾಗೆ ಜೋಳದ ರೊಟ್ಟಿ ಹಿಡಿಸುತ್ತದೋ ಇಲ್ಲವೋ ಅಂತ ಮೊದಲ ವಾರ ಚಪಾತಿ ಬೇರೆ ಮಾಡಿಸಿದ. ಅವಳು ಎದುರಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಇರುವಾಗ ಹಸಿದ ಹೊಟ್ಟೆಯಲ್ಲಿ ಚಪಾತಿ ತಿನ್ನಬೇಕು. ಈ ಒಂದು ದೃಶ್ಯಕ್ಕೆ ಡೈಲಾಗೇ ಬೇಡ. ಆ ಒಬ್ಬನೇ ಮನುಷ್ಯ ವಹಿಯಲ್ಲಿ ಆ ಸಾಲನ್ನೂ ಬರೆದಿದ್ದಾನೆ, ಕೈ ನಡುಗದೆ. ಎರಡೂ ನಿಜ.

ಇನ್ನು ಅವನ ತಾಯಿ. ಎಲ್ಲರೂ ದೊಡ್ಡವ್ವ ಅನ್ನುತ್ತಾರೆ. ಅಂಗಡಿ ಹಿಂದಿನ ಮನೆಯಲ್ಲಿ ಇರುತ್ತಾಳೆ, ಕಪಾಟಿನ ಕೀಲಿ ಅವಳ ಸೊಂಟದಲ್ಲಿದೆ. ಸುಮಾ ಕೀಲಿಗಾಗಿ ಅವಳ ಹತ್ತಿರ ಹೋದಳು, ಈಗ ಸಂಜೆ ಅವಳ ಹತ್ತಿರ ಕೂರದೆ ಇದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಮೋಸ ಮಾಡಿದವನಿಗೆ ಮೋಸ ಮಾಡಬಹುದು. ಇವಳಿಗೆ? ಈ ಪ್ರಶ್ನೆ ಇಲ್ಲದ ಎಪಿಸೋಡ್ ನಾನು ಬರೆದರೂ ಒಂದೇ, ಬಿಟ್ಟರೂ ಒಂದೇ.

ಪೊಲೀಸು, ಕೋರ್ಟು, ಸ್ಟೇಷನ್ನು

ಇದನ್ನು ಬೇಗ ಮುಗಿಸುತ್ತೇನೆ. ನಾಯಕಿ ಮೊಬೈಲಿನಲ್ಲಿ ವಹಿಯ ಫೋಟೊ ಹೊಡೆದಳು, ಕೇಸು ಗೆದ್ದಳು ಅಂತ ಬರೆಯಬೇಡಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಫೋಟೊ, ವಿಡಿಯೊ ಕೋರ್ಟಿಗೆ ಹೋಗಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಅವಳು ಸಹಿ ಹಾಕಬೇಕು, ಯಾವ ಹೆಸರಿನಲ್ಲಿ? ಅಷ್ಟೇ ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂನಲ್ಲಿ ಬೇರೆಯವರಂತೆ ನಟಿಸಿ ವಂಚಿಸಿದರೆ ಐದು ವರ್ಷದವರೆಗೆ ಶಿಕ್ಷೆ ಇದೆ. ಸಾವ್ಕಾರನ ವಕೀಲ ಅದನ್ನು ಮೊದಲ ದಿನವೇ ಎತ್ತುತ್ತಾನೆ. ಗೆಲ್ಲುತ್ತಾನೋ ಇಲ್ಲವೋ ಬೇರೆ ಮಾತು, ಹೆದರಿಸಲು ಸಾಕು. ಕತೆಗೆ ಇದು ಬಂಗಾರ. ಅವಳು ಸತ್ಯ ತೋರಿಸಬೇಕಾದರೆ ತನ್ನ ಸುಳ್ಳನ್ನೂ ತೋರಿಸಬೇಕು.

ಇನ್ನೊಂದು, ನೇರ ಧಾರವಾಡದ ಹೈಕೋರ್ಟ್ ಪೀಠಕ್ಕೆ ಹಾರಬೇಡಿ. ಕಟ್ಟಡ ಚೆನ್ನಾಗಿದೆ, ಶಾಟ್ ಚೆನ್ನಾಗಿ ಬರುತ್ತದೆ, ಒಪ್ಪುತ್ತೇನೆ. ಆದರೆ 40 ಚೀಲದ ಲೆಕ್ಕ ಮೊದಲು ಬ್ಯಾಡಗಿಯಲ್ಲೇ, ಎಪಿಎಂಸಿ ಕಚೇರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಶುರುವಾಗುತ್ತದೆ. ಮತ್ತೆ ದಯವಿಟ್ಟು ಜಡ್ಜ್ ಕೈಯಲ್ಲಿ ಆ ಮರದ ಸುತ್ತಿಗೆ ಕೊಡಬೇಡಿ. ನಮ್ಮ ಕೋರ್ಟುಗಳಲ್ಲಿ ಅದು ಇಲ್ಲ.

ಲೊಕೇಶನ್ ಆಸೆಗೂ ಬೀಳಬೇಡಿ. ನಾನು ಬಿದ್ದೆ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಇದೆಯಲ್ಲ, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದದ್ದು, 1507 ಮೀಟರ್, ಜಗತ್ತಿನಲ್ಲೇ ಉದ್ದ. ಸುಮಾ ತಮ್ಮನನ್ನು ನೋಡಲು ಬ್ಯಾಡಗಿಯಿಂದ ರೈಲಿನಲ್ಲಿ ಬರುತ್ತಾಳೆ, ದೂರದಲ್ಲಿ ತನ್ನೂರಿನ ಒಬ್ಬ ಕಾಕಾ ನಡೆದು ಬರುವುದು ಕಾಣುತ್ತದೆ, ಅಷ್ಟುದ್ದ ಪ್ಲಾಟ್‌ಫಾರ್ಮ್‌ನಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಬರೆದು ನಾನೇ ಖುಷಿಪಟ್ಟೆ. ರೈಲ್ವೆಯವರ ಅನುಮತಿ, ಶುಲ್ಕ, ಒಂದು ದಿನದ ಯೂನಿಟ್ ಖರ್ಚು ಅಂತ ಲೆಕ್ಕ ಹಾಕಿ ಪ್ರೊಡಕ್ಷನ್‌ನವರು ನಕ್ಕರು. ಕೊನೆಗೆ ಅದು ಅಂಗಡಿಯ ಮಾಳಿಗೆ ಮೇಲೆ ಒಂದು ಫೋನ್ ಕಾಲ್ ಆಯಿತು. ದಿನದ ಸೀರಿಯಲ್ ಅಂದರೆ ಒಂದು ಅಂಗಡಿ, ಒಂದು ಪಡಸಾಲೆ, ಒಂದು ಮಾಳಿಗೆ. ಅದರಲ್ಲೇ ಕತೆ ಹುಡುಕಬೇಕು.

ಕೊನೆಯ ಮೂರು ನಿಮಿಷ

ಎಪಿಸೋಡ್ ಬರೆಯುವಾಗ ಮೊದಲು ಕೊನೆ ಬರೆಯಿರಿ. ಫ್ರೀಜ್ ಆಗುವ ಚಿತ್ರ ಯಾವುದು ಅಂತ ಗೊತ್ತಾಗದೆ ಒಂದನೇ ದೃಶ್ಯಕ್ಕೆ ಕೈ ಹಾಕಬೇಡಿ. ನಮ್ಮ ಎಪಿಸೋಡ್‌ನ ಕೊನೆ ದೊಡ್ಡವ್ವನ ಪಡಸಾಲೆಯಲ್ಲಿ. ಹಮಾಲ ಸೀನಿನ ಸಂಗತಿ ಸಾವ್ಕಾರನಿಗೆ ಹೇಳಲಿಲ್ಲ, ದೊಡ್ಡವ್ವನಿಗೆ ಹೇಳಿದ್ದಾನೆ. ಅದನ್ನು ತೋರಿಸಬೇಡಿ, ಊಹೆಗೆ ಬಿಡಿ.

ಸಂಜೆ. ದೊಡ್ಡವ್ವ ಒಂದು ಬುಟ್ಟಿ ಕಾಯಿ ಸುರಿದುಕೊಂಡು ಕೂತಿದ್ದಾಳೆ. "ಸುಮ್ನ ಕುಂತೀಯಲ್ಲ, ಇಷ್ಟು ತೊಟ್ಟ ತಗಿ ಬಾ" ಅನ್ನುತ್ತಾಳೆ. ಸುಮಾ ಹುಷಾರಾಗುತ್ತಾಳೆ. ಬೇಕಂತಲೇ ನಿಧಾನ. ಬಾರದವಳ ಹಾಗೆ ಕಾಯಿ ಮುರಿಯುತ್ತಾಳೆ, ಬೀಜ ಚೆಲ್ಲುತ್ತಾಳೆ. ದೊಡ್ಡವ್ವ ನೋಡುವುದಿಲ್ಲ. ಏನೋ ಹಳೆಯ ಮಾತು ಶುರು ಮಾಡುತ್ತಾಳೆ.

"ಎರಡ ವರ್ಷದ ಹಿಂದ ಒಬ್ಬಾಂವ ಬಂದಿದ್ದ. ಕೈಯಾಗ ಚೀಟಿ ಹಿಡ್ಕೊಂಡ ಎರಡ ದಿನ ಅಂಗಡಿ ಕಟ್ಟಿ ಮ್ಯಾಲ ಕುಂತಿದ್ದ. ಜಗಳ ಇಲ್ಲ, ಬೈಗುಳ ಇಲ್ಲ. ನಾ ನೀರ ಕೊಟ್ಟೆ. ಕುಡೀಲಿಲ್ಲ. ಕಾಯಿ ಭಾಳ ಚಂದ ಇದ್ವು ಅವನ್ವು. ಕಡ್ಡಿ. ಒಂದೂ ಬಿಳಿಗಾಯಿ ಇರಲಿಲ್ಲ. ಮನ್ಯಾಗ ಯಾರೋ ಕುಂತು ಆರಿಸಿದ್ರು ಕಾಣ್ತದ, ಒಂದೊಂದ."

ಆರಿಸಿದ್ದು ಅವಳೇ. ನೀಲವ್ವ. ರಜೆಗೆ ಊರಿಗೆ ಬಂದಾಗ, ಹದಿನೈದು ದಿನ ಕೂತು. ಇದನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸಲು ಡೈರೆಕ್ಟರ್ ಕೇಳುತ್ತಾರೆ, ಬೇಡ ಅನ್ನಿ. ಕ್ಯಾಮೆರಾ ಅವಳ ಕೈ ಮೇಲೆ ಇರಲಿ. ಮಾತು ಕೇಳುತ್ತಾ ಕೇಳುತ್ತಾ ಬೆರಳಿಗೆ ವೇಗ ಬರುತ್ತದೆ. ಹೆಬ್ಬೆರಳಿನ ಉಗುರು, ಒಂದು ತಿರುವು, ತೊಟ್ಟು ಎಡಕ್ಕೆ, ಕಾಯಿ ಬಲಕ್ಕೆ. ಬಿಳಿಚಿದ ಕಾಯಿ ಬಂದರೆ ನೋಡದೆಯೇ ಬೇರೆ ಕಡೆ. ಅವಳಿಗೇ ಗೊತ್ತಿಲ್ಲ. ದೊಡ್ಡವ್ವನ ಮಾತು ನಿಂತಿದ್ದೂ ಗೊತ್ತಿಲ್ಲ. ಕೊನೆಗೆ ಬುಟ್ಟಿಯಲ್ಲಿ ಕೈ ಹಾಕುತ್ತಾಳೆ, ಖಾಲಿ. ತಲೆ ಎತ್ತುತ್ತಾಳೆ.

ದೊಡ್ಡವ್ವನ ಮುಂದಿನ ರಾಶಿ ಹಾಗೇ ಇದೆ, ಒಂದು ಕಾಯಿ ಮುಟ್ಟಿಲ್ಲ. ಸೊಂಟದ ಕೀಲಿ ಬಿಚ್ಚಿ ಇಬ್ಬರ ನಡುವೆ ನೆಲದ ಮೇಲೆ ಇಡುತ್ತಾಳೆ. ಕೈ ಇನ್ನೂ ಅದರ ಮೇಲಿದೆ.

"ಯಾರ ಮಗಳವಾ ನೀ?"

ಫ್ರೀಜ್. ಸುಮಾ ಮುಖ ಬೇಡ, ಕೀಲಿ ಮೇಲಿರುವ ಕೈ.

ನಾಳೆ ಅವಳು ಯಾವ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ ಅನ್ನುವುದು ಇವತ್ತೇ ನಿಮಗೆ ಗೊತ್ತಿರಲಿ. ಗೊತ್ತಿಲ್ಲದೆ ಹುಕ್, ಅಂದರೆ ನಾಳೆಗೆ ಎಳೆಯುವ ಇಂಥ ಕೊನೆ ಬರೆದು ಕಳಿಸಿದರೆ ಬೆಳಗ್ಗೆ ಒಂಬತ್ತಕ್ಕೆ ಪ್ರೊಡಕ್ಷನ್‌ನಿಂದ ಫೋನ್ ಬರುತ್ತದೆ, ಆಗ ಬಾಯಿಗೆ ಬಂದದ್ದು ಬರೆಯಬೇಕಾಗುತ್ತದೆ. ನನಗೆ ಆ ಫೋನ್ ಎಷ್ಟೋ ಸಲ ಬಂದಿದೆ.